ಮುದ್ದಯ್ಯ ಮೇಷ್ಟ್ರ ಇಂಗ್ಲಿಷು

ಮುದ್ದಯ್ಯ ಮೇಷ್ಟ್ರಿಗೆ ಇಂಗ್ಲಿಷ್ ಬರುವುದಿಲ್ಲ ಎಂದವರ ಬಾಯಿಗೆ ಹುಳ ಬೀಳಲಿ. ಇಂಗ್ಲಿಷ್ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ವ್ಯಾಕರಣ ಕೇಳಿದರೆ, ಕೇಳಿದವರು ಕೈಮುಗಿದು ಎದ್ದು ಹೋಗುವವರೆಗೂ ವಿವರಿಸುತ್ತಿದ್ದರು. ಬಾರದೆ ಇದ್ದದ್ದು ಒಂದೇ: ಬಾಯಿ ತೆರೆದು ಆಡುವುದು. ಎದುರಿಗಿದ್ದವರು ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದರೆ ಸಾಕು, ಮೇಷ್ಟ್ರ ಬಾಯಿಯ ಪಸೆ ಆರಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಒಮ್ಮೆ ಹೊರ ರಾಜ್ಯದ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದು, ನಿಮಗೆ ಏನಾದರೂ ಕೊರತೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಮಳೆ ಬಂದರೆ ಎರಡನೇ ಕ್ಲಾಸಿನ ಸೂರು ಸೋರುತ್ತದೆ ಎಂದು ಹೇಳಲು ಮೇಷ್ಟ್ರ ಮನಸ್ಸಿನಲ್ಲಿ ಚೆಂದದ ವಾಕ್ಯ ತಯಾರಾಯಿತು. ಹೊರಗೆ ಬಂದದ್ದು ಮಾತ್ರ "ನೋ ಸಾರ್." ಅಧಿಕಾರಿ ಸಂತೋಷಪಟ್ಟು ಹೋದರು, ಸೂರು ಸೋರುತ್ತಲೇ ಉಳಿಯಿತು. ಆ ರಾತ್ರಿ ಮೇಷ್ಟ್ರು ಸರಿಯಾಗಿ ಊಟ ಮಾಡಲಿಲ್ಲ.

ಇಂಥವರ ಕೊರಳಿಗೇ ಇಂಗ್ಲಿಷ್ ಮೀಡಿಯಂ ಬಂದು ಬಿತ್ತು. ಅಕ್ಕಿಹೆಬ್ಬಾಳಿನ ಆಚೆಗಿರುವ ಈ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸನ್ನು ಇಂಗ್ಲಿಷಿನಲ್ಲಿ ಕಲಿಸಬೇಕೆಂದು ಆದೇಶವಾಯಿತು. ಅದಕ್ಕೆಂದೇ ಬಂದಿದ್ದ ಚಿಕ್ಕ ವಯಸ್ಸಿನ ಟೀಚರಮ್ಮ ವರ್ಗ ಮಾಡಿಸಿಕೊಂಡು ಮಂಡ್ಯಕ್ಕೆ ಹೋದರು. ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ಸೇರಿ ಮುದ್ದಯ್ಯ ಮೇಷ್ಟ್ರ ಮುಖ ನೋಡಿದರು.

ಮೊದಮೊದಲು ಅವರು ಇಂಗ್ಲಿಷ್ ಪುಸ್ತಕವನ್ನು ಅಚ್ಚ ಕನ್ನಡದಲ್ಲಿ ಪಾಠ ಮಾಡಿದರು. ಮಕ್ಕಳೇನು ದಡ್ಡರೇ? ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ತನುಶ್ರೀ ಎಂಬ ಹುಡುಗಿ, ಬಸ್ಸಿಗೆ ಕಾದು ಸಾಕಾದವಳ ಹಾಗೆ ಕೇಳಿಯೇಬಿಟ್ಟಳು.

"ಸಾ, ಇಂಗ್ಲಿಸು ಯಾವಾಗ ಬತ್ತದೆ?"

ಗದರಿಸಿ ಕೂರಿಸಬಹುದಿತ್ತು. ಆದರೆ ಮೇಷ್ಟ್ರಿಗೆ ಅಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನಂಗೂ ಇನ್ನೂ ಬಂದಿಲ್ಲ ಕಣವ್ವ. ನಾನೂ ಒಂದ್ನೇ ಕ್ಲಾಸೇ. ಎಲ್ರೂ ಒಟ್ಟಿಗೇ ಕಲಿಯವ" ಎಂದರು. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ, ತಮ್ಮ ಕ್ಲಾಸಿಗೆ ದೊಡ್ಡ ಹುಡುಗನೊಬ್ಬ ಸೇರಿದ ಹಾಗೆ ಮೇಷ್ಟ್ರಿಗೂ ಚಾಪೆಯಲ್ಲಿ ಜಾಗ ಬಿಟ್ಟರು.

ಶುರುವಾದದ್ದು ಬಿಸಿಯೂಟದ ಸಾಲಿನಲ್ಲಿ. ಯಾರಿಗೆ ಏನು ಬೇಕೋ ಇಂಗ್ಲಿಷಿನಲ್ಲಿ ಕೇಳಬೇಕು. ಕೇಳದಿದ್ದರೂ ಅನ್ನ ಸಿಗುತ್ತಿತ್ತೆನ್ನಿ, ಹಸಿದ ಮಗುವಿನ ಮುಂದೆ ಹಟ ಮಾಡುವ ಪೈಕಿ ಅಲ್ಲ ಮೇಷ್ಟ್ರು. ಅವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, "ಲಿಟ್ಲ್ ರೈಸ್, ಮೋರ್ ಸಾಂಬಾರ್, ಪ್ಲೀಸ್" ಎನ್ನುತ್ತಿದ್ದರು. ಮೊದಲ ದಿನ ಅಷ್ಟು ಹೇಳುವುದಕ್ಕೇ ಬೆವರು ಕಿತ್ತುಕೊಂಡು ಬಂತು. ಸೌಟು ಹಿಡಿದಿದ್ದ ಬೈರಮ್ಮ ಕಿಸಕ್ಕೆಂದು ನಕ್ಕಳು.

"ಇದೇನ್ ಮೇಷ್ಟ್ರೇ, ನಿಮ್ಮ ಇಂಗ್ಲಿಸು ನನ್ ಸಾರ್ಗಿಂತ್ಲೂ ತೆಳ್ಳಗದೆ!"

"ಕುದೀಲಿ ಬುಡು ಬೈರಮ್ಮ, ಗಟ್ಟಿಯಾಯ್ತದೆ" ಎಂದರು ಮೇಷ್ಟ್ರು. ಯಾರಾದರೂ ನಕ್ಕರೆ ಪ್ರಾಣ ಹೋಗುವುದಿಲ್ಲ ಎಂಬುದು ಅವರಿಗೆ ಅಂದೇ ಗೊತ್ತಾದದ್ದು. ಐವತ್ತು ದಾಟಿದ ಮೇಲೆ ಗೊತ್ತಾಯಿತಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಸಾಂಬಾರಿನಿಂದ ಮಾತು ಮನೆಯ ಸುದ್ದಿಗೆ ಹೋಯಿತು. ಬೆಳಿಗ್ಗೆ ಬಂದ ಕೂಡಲೇ ಒಬ್ಬೊಬ್ಬರೂ ತಮ್ಮ ಮನೆಯ ಸುದ್ದಿಯೊಂದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಗೊತ್ತಿಲ್ಲದ ಮಾತಿಗೆ ಕನ್ನಡ ತುಂಬಿಕೊಂಡರೆ ತಪ್ಪಿಲ್ಲ. ಯಾರ ಮನೆಯ ಹಸು ಕರು ಹಾಕಿತು, ಯಾರ ಮೋಟಾರು ಸುಟ್ಟಿತು, ಯಾರ ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ, ಎಲ್ಲವೂ ಮೇಷ್ಟ್ರ ಕಿವಿಗೆ ಇಂಗ್ಲಿಷಿನಲ್ಲೇ ಬಂದು ಬೀಳತೊಡಗಿತು. ಅವರೂ ತಮ್ಮ ಮನೆಯದನ್ನು ಹೇಳುತ್ತಿದ್ದರು. ತಪ್ಪಾದಾಗ ತಾವೇ ತಿದ್ದಿಕೊಂಡು ಮುಂದೆ ಹೋಗುತ್ತಿದ್ದರು. ದೀಪಾವಳಿ ಕಳೆಯುವ ಹೊತ್ತಿಗೆ ಆ ಕೋಣೆಯೊಳಗೆ ಮೇಷ್ಟ್ರ ನಾಲಿಗೆಗೆ ಅಡ್ಡಿಯೇ ಇರಲಿಲ್ಲ. ಬಾಗಿಲು ದಾಟಿ ಹೊರಗೆ ಬಂದರೆ ಮಾತ್ರ ಮತ್ತದೇ ಹಳೇ ಮುದ್ದಯ್ಯ.

ಅಷ್ಟರಲ್ಲಿ ಕೆ.ಆರ್. ಪೇಟೆಯ ಕಾನ್ವೆಂಟೊಂದರ ಹಳದಿ ವ್ಯಾನು ಊರಿಗೆ ಬರತೊಡಗಿತು. ತನುಶ್ರೀಯ ತಾತ ನರಸಯ್ಯನವರ ಕಣ್ಣು ಅದರ ಮೇಲೆ ಬಿತ್ತು. ನರಸಯ್ಯನವರೆಂದರೆ ಶಾಲಾ ಸಮಿತಿಯ ಅಧ್ಯಕ್ಷರು, ಹತ್ತಾರು ಹಸು ಕಟ್ಟಿದ ಕುಳ. ಅವರು ಎದ್ದರೆ ಊರು ಏಳುತ್ತದೆ, ಕೂತರೆ ಊರು ಕೂರುತ್ತದೆ. ಅವರ ಮೊಮ್ಮಗಳು ವ್ಯಾನು ಹತ್ತಿದರೆ ಉಳಿದ ಮಕ್ಕಳೂ ಹಿಂದೆಯೇ ಹತ್ತುತ್ತವೆ, ಒಂದನೇ ಕ್ಲಾಸು ಮುಚ್ಚುತ್ತದೆ. ಇದು ಎಲ್ಲರಿಗಿಂತ ಚೆನ್ನಾಗಿ ಮೇಷ್ಟ್ರಿಗೆ ಗೊತ್ತಿತ್ತು.

ಪೋಷಕರ ಸಭೆಯ ದಿನ ಮರದ ನೆರಳಿನಲ್ಲಿ ಅಪ್ಪ ಅಮ್ಮಂದಿರು, ಅಜ್ಜಂದಿರು ಕೂತಿದ್ದರು. ಮಕ್ಕಳು ಮುಂದೆ ಚಾಪೆಯ ಮೇಲೆ. ನರಸಯ್ಯನವರು ಸುತ್ತಿ ಬಳಸಿ ಮಾತಾಡುವವರಲ್ಲ.

"ಮೇಷ್ಟ್ರೇ, ಬ್ಯಾಸರ ಮಾಡ್ಕಬ್ಯಾಡಿ. ನೀವು ಒಳ್ಳೇರು, ಅದ್ರಲ್ ಎಲ್ಡ್ ಮಾತಿಲ್ಲ. ಆದ್ರೆ ಒಳ್ಳೇತನದಿಂದ ಇಂಗ್ಲಿಸು ಬತ್ತದಾ? ಇಲ್ಲೇ, ನಮ್ಮೆಲ್ರ ಮುಂದೆ, ಒಂದೈದು ನಿಮಿಸ ಇಂಗ್ಲಿಸಲ್ಲಿ ಮಾತಾಡಿ. ಮಾತಾಡುದ್ರೆ ಕೂಸು ಇಲ್ಲೇ ಇರ್ತದೆ. ಇಲ್ಲಾಂದ್ರೆ ಸೋಮವಾರದಿಂದ ವ್ಯಾನು."

ಹೀಗೆ ಏನಾದರೂ ಬಂದೀತೆಂದು ಮೇಷ್ಟ್ರು ಒಂದು ಭಾಷಣ ಉರು ಹೊಡೆದಿಟ್ಟುಕೊಂಡಿದ್ದರು. ಎದ್ದು ನಿಂತರು. "ರೆಸ್ಪೆಕ್ಟೆಡ್ ಪ್ರೆಸಿಡೆಂಟ್, ಡಿಯರ್ ಪೇರೆಂಟ್ಸ್" ಎಂದರು. ಆಮೇಲೆ ಶಿಕ್ಷಣದ ಮಹತ್ವದ ಬಗ್ಗೆ ಒಂದು ವಾಕ್ಯ ಬಂತು. ಮುಂದಿನದು ಬರಲಿಲ್ಲ. ಹುಡುಕಿದರು, ಸಿಗಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಈ ಸಲ ನಗುತ್ತಿರಲಿಲ್ಲ.

ಮೇಷ್ಟ್ರು ದೊಡ್ಡವರ ಮುಖ ನೋಡುವುದನ್ನು ಬಿಟ್ಟು ಚಾಪೆಯ ಮೇಲಿನ ಮಕ್ಕಳನ್ನು ನೋಡಿದರು. ಅವುಗಳಿಗೆ ಗಾಬರಿಯೇನೂ ಇರಲಿಲ್ಲ. ಮೇಷ್ಟ್ರಿಗೆ ಮಾತು ಸಿಕ್ಕುತ್ತಿಲ್ಲ, ಸಿಕ್ಕಿದ ಮೇಲೆ ಹೇಳುತ್ತಾರೆ ಎಂದು ದಿನದ ಹಾಗೇ ಕಾಯುತ್ತಿದ್ದವು. ಹಾಳು ಭಾಷಣ ಹೊಳೆಗೆ ಹೋಗಲಿ ಎಂದುಕೊಂಡರು ಮೇಷ್ಟ್ರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

"ಐ ಆ್ಯಮ್ ಅಫ್ರೇಡ್" ಎಂದರು, ಗಟ್ಟಿಯಾಗಿ. "ವೆರಿ ಮಚ್ ಅಫ್ರೇಡ್. ಬಟ್ ವಿತ್ ದೀಸ್ ಚಿಲ್ಡ್ರನ್, ಐ ಆ್ಯಮ್ ನಾಟ್ ಅಫ್ರೇಡ್." ಎಂದವರೇ ತನುಶ್ರೀಯ ಕಡೆ ತಿರುಗಿ, ಇವತ್ತು ನಿಮ್ಮ ಮನೆಯ ಸುದ್ದಿ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹುಡುಗಿ ಲಂಗ ಕೊಡವಿಕೊಂಡು ಎದ್ದಳು. ಅವಳ ಪಾಲಿಗೆ ಸಭೆಯೂ ಇಲ್ಲ, ಪಂಥವೂ ಇಲ್ಲ.

"ಸಾರ್, ಮೈ ತಾತ ಈಟ್ ಬೆಲ್ಲ. ಎವ್ರಿ ಡೇ. ಬಿಹೈಂಡ್ ದಿ ಕೌ. ಡಾಕ್ಟರ್ ಸೇ, ನೋ ಬೆಲ್ಲ. ತಾತ ಈಟ್. ಅಜ್ಜಿ ನೋ ಸೀ. ಐ ಸೀ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಎಷ್ಟು ತಿಂದರು ಎಂದು ಕೇಳಿದರು. ಅವಳು ಮುಷ್ಟಿ ತೋರಿಸಿದಳು. ನಿನಗೂ ಕೊಟ್ಟರಾ? ಕೊಟ್ಟರು, ಚೂರು, ಹೇಳಬೇಡ ಎಂದರು. ಮತ್ತೆ ಈಗೇಕೆ ಹೇಳಿದೆ? ಅವಳು ಯೋಚಿಸಿ, "ತಾತ ಸೇ, ಡೋಂಟ್ ಟೆಲ್ ಅಜ್ಜಿ. ಯು ನಾಟ್ ಅಜ್ಜಿ, ಸಾರ್" ಎಂದಳು. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಪ್ರಶ್ನೆ, ಇಬ್ಬರೂ ಜಗಲಿಯ ಮೇಲೆ ಕೂತು ಹರಟುವವರ ಹಾಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಉಳಿದ ಮಕ್ಕಳೂ ಸುಮ್ಮನಿರದೆ ತಮ್ಮ ತಾತಂದಿರ ಗುಟ್ಟನ್ನೂ ಬಿಚ್ಚತೊಡಗಿದವು. ಮೇಷ್ಟ್ರು ಅವಕ್ಕೂ ಜವಾಬು ಕೊಟ್ಟರು. ನಡುವೆ ತಪ್ಪಿದರು, ತಿದ್ದಿಕೊಂಡರು. ಐದು ನಿಮಿಷ ಯಾವಾಗಲೋ ಮುಗಿದಿತ್ತು, ಗಡಿಯಾರ ನೋಡುವವರೇ ಇರಲಿಲ್ಲ.

ಬೆಲ್ಲ, ಡಾಕ್ಟರು, ಅಜ್ಜಿ ಎಂಬ ಮಾತುಗಳು ಮಾತ್ರ ಕಿವಿಗೆ ಬಿದ್ದ ನರಸಯ್ಯನವರಿಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. "ಏನಂತೆ ಮೇಷ್ಟ್ರೇ? ನನ್ ವಿಸ್ಯನಾ?"

ಮೇಷ್ಟ್ರು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನರಸಯ್ಯನವರ ಮುಖ ಮೊದಲು ಕೆಂಪಾಯಿತು, ಮೀಸೆ ಅದುರಿತು. ಸಿಟ್ಟು ಬಂತೆಂದೇ ಎಲ್ಲರೂ ತಿಳಿದರು. ಅವರು ಎದ್ದು ಹೋಗಿ ಮೊಮ್ಮಗಳನ್ನು ಎತ್ತಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗಿದರು.

"ನೋಡ್ರಪ್ಪಾ! ಆ ವ್ಯಾನಲ್ ಓಗೋ ಮಕ್ಳು ಪದ್ಯ ಏಳ್ತವೆ, ಗಿಣಿ ಏಳ್ದಂಗೆ. ನಮ್ ಕೂಸು ಚಾಡಿ ಏಳ್ತದೆ ಕಣ್ರಲಾ, ಇಂಗ್ಲಿಸಲ್ಲಿ! ಸ್ವಂತ ಬುದ್ಧಿಯಿಂದ! ಯಾವ ವ್ಯಾನೂ ಬ್ಯಾಡ, ಏನೂ ಬ್ಯಾಡ."

ಹಿಂದಿನಿಂದ ಚಪ್ಪಾಳೆ ಬಿತ್ತು. ಮೇಷ್ಟ್ರ ಎದೆ ಉಬ್ಬಿತು. ಅವರು ಕಣ್ಣು ಒರೆಸಿಕೊಂಡದ್ದು ನಕ್ಕು ನಕ್ಕು ಬಂದ ನೀರಿಗೆ ಮಾತ್ರವಲ್ಲ. ಈ ಮಗುವಿಗೆ ಈ ಭಾಷೆಯ ಭಯವೇ ಇಲ್ಲ, ಅದು ತಮ್ಮ ಕೋಣೆಯಲ್ಲಿ ಆದ ಕೆಲಸ ಎಂದು ಅವರಿಗೆ ಬಹಳ ಹೆಮ್ಮೆಯಾಯಿತು.

ನರಸಯ್ಯನವರದು ಇನ್ನೂ ಒಂದು ತಕರಾರು ಉಳಿದಿತ್ತು. "ಆದ್ರೂ ಇದು ಅನ್ಯಾಯ ಕಣ್ ಮೇಷ್ಟ್ರೇ. ನನ್ ಮಾನ ನನ್ ಮುಂದೇನೇ ಓಯ್ತಾ ಇದ್ರೂ ನಂಗೆ ಗೊತ್ತಾಗಕಿಲ್ವಲ್ಲ. ಇದ್ಕೇನ್ ಮಾಡದು?"

ಮೇಷ್ಟ್ರು ಯೋಚಿಸಲಿಲ್ಲ. ಮನಸ್ಸಿನಲ್ಲಿ ವಾಕ್ಯ ಕಟ್ಟಲಿಲ್ಲ, ಉಗುಳು ನುಂಗಲಿಲ್ಲ. ಊರಿನ ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು, ಹುಟ್ಟಿದ ಮೇಲೆ ಮೊದಲ ಸಲ ಇಂಗ್ಲಿಷಿನಲ್ಲಿ ಒಂದು ತಮಾಷೆ ಮಾಡಿದರು.

"ಕಮ್ ಟುಮಾರೋ, ನರಸಯ್ಯ. ಸಿಟ್ ಬಿಸೈಡ್ ತನುಶ್ರೀ. ಫಸ್ಟ್ ಸ್ಟ್ಯಾಂಡರ್ಡ್. ಬಟ್ ನೋ ಬೆಲ್ಲ ಇನ್ ದಿ ಕ್ಲಾಸ್!"

ಇದನ್ನು ಯಾರೂ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲಿಲ್ಲ. ಮರದ ಕೆಳಗಿದ್ದವರೆಲ್ಲ ನಕ್ಕರು, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಮುದ್ದಯ್ಯ ಮೇಷ್ಟ್ರು.