ಡಾಂಗಲ್ ಹೇಳಿದ ಸೊನ್ನೆ

ಆಯುಧಪೂಜೆ ಕಳೆದು ಹತ್ತನೇ ದಿನ ನಾಗಶ್ರೀ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಕೌದಳ್ಳಿಗೆ ಬಂದಳು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಅವಳು, ತಾನೇ ಮಾಡಿಟ್ಟ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕಿತ್ತು. ಹಿಂದಿನ ಸಂಜೆ ಅಂಗಡಿಯ ಚಿಕ್ಕಮಾದಪ್ಪ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: "ಮ್ಯಾಲಿನ್ ದೊಡ್ಡಿ ಬಸ್ರಿ ಕುಸುಮ ಓಗ್ಬುಟ್ಲು ಕಣವ್ವ. ಪೆಟ್ಗೆ ಕೂಗ್ನೇ ಇಲ್ಲ."

ಮೊಬೈಲ್ ಸಿಗ್ನಲ್ ಇಲ್ಲದ ಬೆಟ್ಟದ ದೊಡ್ಡಿಯಲ್ಲಿ, ಹದಿನಾಲ್ಕು ಮನೆಯ ಆ ಪುಟ್ಟ ಊರಲ್ಲಿ, ಅಂಗೈಯಗಲದ ಒಂದು ಒತ್ತುಗುಂಡಿ. ತುರ್ತಿಗೆ ಅದನ್ನು ಒತ್ತಿದರೆ ಚಿಕ್ಕಮಾದಪ್ಪನ ಅಂಗಡಿಯ ರೇಡಿಯೊ ಪೆಟ್ಟಿಗೆ ಗಂಟೆ ಬಾರಿಸಬೇಕು, ಅವನು ಜೀಪು ಕಳಿಸಬೇಕು. ಇಂಥದೇ ಪೆಟ್ಟಿಗೆ ಹನೂರಿನಲ್ಲೊಂದು, ಕಾಲೇಜಿನಲ್ಲೊಂದು ಇತ್ತು. ಮೂರರ ಒಳಗೂ ಬೇರೆ ಬೇರೆ ಯಂತ್ರ. ಕಾಲೇಜಿನದು ದುಬಾರಿ ರೇಡಿಯೊ ಬೋರ್ಡು, ಹನೂರಿನದು ಯಾರೋ ಬಳಸಿ ಬಿಟ್ಟದ್ದು, ಕೌದಳ್ಳಿಯದು ಪೆನ್‌ಡ್ರೈವಿನಂತೆ ಸಿಕ್ಕಿಸುವ, ಬೆರಳುದ್ದದ ಅಗ್ಗದ ಡಾಂಗಲ್. ರೇಡಿಯೊದ ಕೆಲಸವನ್ನೆಲ್ಲ ಸಾಫ್ಟ್‌ವೇರೇ ಮಾಡುವುದರಿಂದ, ಮೂರಕ್ಕೂ ಸಲ್ಲುವ ಒಂದೇ ಸಾಫ್ಟ್‌ವೇರ್ ಚೌಕಟ್ಟನ್ನು ಅವಳು ಎರಡು ವರ್ಷ ಕೂತು ಬರೆದಿದ್ದಳು. ಎಚ್ಚರವಾದೊಡನೆ ಅದು ತಾನು ಯಾವ ಯಂತ್ರದಲ್ಲಿದ್ದೇನೆಂದು ಕೇಳಿ, ಅದರ ಶಕ್ತಿಗೂ ಕೊರತೆಗೂ ತಕ್ಕಂತೆ ಹೊಂದಿಕೊಳ್ಳುತ್ತಿತ್ತು. ಯಾರ ಮನೆಯ ತಂಬೂರಿ ಕೈಗೆ ಕೊಟ್ಟರೂ ಹಾಡುವವನು ಶ್ರುತಿಗೆ ತಂದುಕೊಳ್ಳುವ ಹಾಗೆ.

ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೆರೆ, ಒಣಗಿದ ಚೆಂಡುಹೂವು. ಹಸಿರು ದೀಪ ಉರಿಯುತ್ತಲೇ ಇತ್ತು.

"ಇದನ್ನ ಆರಿಸಿದ್ರಾ, ಮಾದಪ್ಪನೋರೆ?"

"ಪೂಜೆ ದಿನ ಆರ್ಸಿದ್ದಿ. ಅವತ್ತು ಎತ್ಗೇ ನೊಗ ಕಟ್ಟದಿಲ್ಲ. ಏಳೆಂಟ್ ತಿಂಗ್ಳಿಂದ, ಕರೆಂಟ್ ಓದ್ರೂ ಬ್ಯಾಟ್ರೀಲಿ, ಕಣ್ ಮುಚ್ದೆ ದುಡ್ದದೆ, ಒಂದಿನ ಮಲೀಕಳ್ಳಿ ಅಂತ. ಮಾರ್ನೆ ದಿನ ಕಾಯ್ ಒಡ್ದು ಆಕ್ದಿ, ದೀಪ ಬಂತು. ಗಂಟೆ ಒಡೀನಿಲ್ಲ. ಸದ್ಯ, ದೊಡ್ಡೀಲಿ ಎಲ್ರೂ ಚೆಂದಾಗವ್ರೆ ಅನ್ಕಂಡಿ."

ನಾಗಶ್ರೀ ಲ್ಯಾಪ್‌ಟಾಪ್ ಜೋಡಿಸಿದಳು. ಅಗ್ಗದ ಡಾಂಗಲ್ ಯಾವಾಗಲೂ ತರಂಗವನ್ನು ತುಸು ಪಕ್ಕಕ್ಕೆ ಹಿಡಿಯುತ್ತದೆ. ಎಷ್ಟು ಪಕ್ಕಕ್ಕೆ ಎಂದು ಮೊದಲ ವಾರವೇ ಅಳೆದು, ಆ ಅಂಕಿಯನ್ನು ಕೈಯಾರೆ ಕೊಟ್ಟಿದ್ದಳು. ಫೈಲಿನಲ್ಲಿ ಉಳಿಸಿರಲಿಲ್ಲ. ಆರಿಸಿದಾಗ ಅಂಕಿ ಅಳಿಸಿಹೋಯಿತು. ಮತ್ತೆ ಎದ್ದ ಚೌಕಟ್ಟು ಕೇಳಿತು: ನಿನ್ನಲ್ಲಿ ದೋಷವೆಷ್ಟು? ದುಬಾರಿ ಬೋರ್ಡಾಗಿದ್ದರೆ ಹೇಳುತ್ತಿತ್ತು. ಡಾಂಗಲ್ಲಿಗೆ ಗೊತ್ತಿಲ್ಲ; 'ಗೊತ್ತಿಲ್ಲ' ಎನ್ನಲು ಅವಳು ಜಾಗವನ್ನೇ ಬಿಟ್ಟಿರಲಿಲ್ಲ. ಅದು ಸೊನ್ನೆ ಎಂದಿತು. ಚೌಕಟ್ಟು ನಂಬಿತು. ಕರೆ ಬರುವ ದಾರಿಯ ಪಕ್ಕದಲ್ಲಿ ಕಿವಿಯಿಟ್ಟು ಕೂತಿತು.

"ನನ್ ಕೈಯಿಂದ್ಲಾ?" ಚಿಕ್ಕಮಾದಪ್ಪ ಕೇಳಿದ.

"ಅಲ್ಲ. ನನ್ನ ಕೈಯಿಂದ."

"ಸುಮ್ಕಿರವ್ವ. ಆರ್ಸಿದ್ದು ನಾನು."

ಅವಳು ಮತ್ತೆ ಮತ್ತೆ ಬಿಡಿಸಿ ಹೇಳಿದಳು. ಅವನು ತಲೆ ಎತ್ತಲಿಲ್ಲ. ಅಂಕಿ ಕೊಟ್ಟು ಉಳಿಸಲು ಅರ್ಧ ನಿಮಿಷ ಸಾಕಾಯಿತು.

ಆಗ ಕುಸುಮಳ ಅತ್ತೆ ಮಹಾದೇವಮ್ಮ ಬೆಟ್ಟ ಇಳಿದು ಬಂದಳು. ಸೆರಗಿನ ಗಂಟು ಬಿಚ್ಚಿ ಗುಂಡಿಯನ್ನು ಗಲ್ಲಾದ ಮೇಲಿಟ್ಟಳು.

"ತಕಳವ್ವ, ನಿಂದು."

"ಅಮ್ಮಾ, ಸರಿ ಮಾಡಿದೀನಿ. ಈಗ ಕೇಳುತ್ತೆ."

ಮಹಾದೇವಮ್ಮ ರಾಗಿ ಮೂಟೆಯ ಮೇಲೆ ಕೂತಳು. "ಬ್ಯಾಸ್ಗೇಲಿ ಎರಡ್ ಸಲ ಒತ್ತಿದ್ದೊ, ಎರಡ್ ಸಲ್ವೂ ಜೀಪ್ ಬಂತು. ಅದ್ಕೇ ನಂಬ್ದೊ. ಮೊದ್ಲಾಗಿದ್ರೆ ಡೋಲಿ ಕಟ್ಕಂಡು ಎಗಲ್ ಮ್ಯಾಲ್ ಒತ್ಕಂಡ್ ಇಳ್ದ್‌ಬುಡೋರು. ಮೊನ್ನೆ ಕುಸುಮಂಗೆ ನೋವ್ ಕಾಣುಸ್ಕಂಡಾಗ್ಲೂವೆ ಗಂಡಸ್ರು ಡೋಲಿ ಕಟ್ತೀವಿ ಅಂದ್ರು. ನಾನೆ, ಇರ್ಲಾ, ಬಸ್ರೀನ ಕಲ್ಲಲ್ಲಿ ಕುಲುಕ್ಬ್ಯಾಡಿ, ಜೀಪ್ ಬತ್ತದೆ ಅಂದಿ. ಬೆಳಿಗ್ಗಿಂದ ಮದ್ಯಾನಗಂಟ ಗುಂಡಿ ಒತ್ತುತ್ಲೇ ಕುಂತಿದ್ದಿ."

ಪೆಟ್ಟಿಗೆಯೇ ಇಲ್ಲದಿದ್ದರೆ ಕುಸುಮ ಬದುಕುತ್ತಿದ್ದಳು.

"ದೊಡ್ಡೀಲಿ ಇನ್ನೂ ಹದಿಮೂರು ಮನೆ ಇದೆ, ಅಮ್ಮಾ..."

"ಅವ್ರು ಡೋಲೀಲೆ ಬತ್ತರೆ. ಸತ್ರೂ ದಾರೀಲಿ ಸಾಯ್ತರೆ. ಕಾಯ್ಕಂಡು ಸಾಯದಿಲ್ಲ."

ಮತ್ತೇನು ಮಾಡಬೇಕೆಂದು ತಿಳಿಯದೆ ನಾಗಶ್ರೀ ಗುಂಡಿ ಒತ್ತಿದಳು. ಗಂಟೆ ಅಂಗಡಿ ನಡುಗುವಂತೆ ಹೊಡೆದುಕೊಂಡಿತು. ದೊಡ್ಡಿಯಲ್ಲಿ ಅದರ ಸದ್ದು ಕೇಳುತ್ತಿರಲಿಲ್ಲವಾದ್ದರಿಂದ ಮಹಾದೇವಮ್ಮ ಅದನ್ನು ಕೇಳಿದ್ದು ಇದೇ ಮೊದಲು.

"ಇಷ್ಟ್ ಜೋರಾಗಿ ಕೂಗ್ತದಾ ಇದು?" ಎಂದಳು.

ಚಿಕ್ಕಮಾದಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಯಾರಾದರೂ ಎದ್ದು ಆರಿಸುವ ತನಕ ಗಂಟೆ ನಿಲ್ಲದಂತೆ ನಾಗಶ್ರೀಯೇ ಬರೆದಿದ್ದಳು. ಮೂವರಲ್ಲಿ ಯಾರೂ ಕೈ ಚಾಚಲಿಲ್ಲ.