ವೈರಸ್ ಇಳಿದ ದಿನ

“ಅಪ್ಪನ ವೈರಸ್ ಇಳ್ದೋಯ್ತಂತೆ ಕಣಕ್ಕ! ಕೋಟಿಗಟ್ಲೆ ಇದ್ದದ್ದು ಈಗ ಇಲ್ವೇ ಇಲ್ಲ ಅನ್ನೋ ಅಷ್ಟಾಯ್ತಂತೆ!” ತಮ್ಮ ಸಂಜಯ್ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂಗಿದ.

ಸಿಂಚನ ನಗಲಿಲ್ಲ.

ಅಪ್ಪ ಮಹದೇವಯ್ಯನವರಿಗೆ ಹೆಪಟೈಟಿಸ್ ಬಿ ಇದ್ದದ್ದು ಹಳೆಯ ಮಾತು. ದಿನಕ್ಕೊಂದು ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ಬೇಸಿಗೆಯಲ್ಲಿ ಅಮ್ಮ ಸಾಕಮ್ಮ ಯಾರದೋ ಮಾತು ಕೇಳಿ ನಾಟಿ ಔಷಧಿ ತಂದರು. ಉಪ್ಪು, ಹುಳಿ ಬಿಡಬೇಕು, ಇಂಗ್ಲಿಷ್ ಔಷಧಿ ಮುಟ್ಟಬಾರದು ಎಂಬ ಪಥ್ಯ. ಅಪ್ಪ ಚಾಚೂ ತಪ್ಪದೆ ಪಾಲಿಸಿದರು, ಮಾತ್ರೆಯನ್ನೂ ಬಿಟ್ಟರು. ಬೈದಾಳೆಂದು ಹಿನಕಲ್ಲಿನ ಮನೆಯಲ್ಲಿ ಯಾರೂ ಸಿಂಚನಳಿಗೆ ಹೇಳಲಿಲ್ಲ. ಅಪ್ಪನ ಕಣ್ಣು ಹಳದಿಯಾದ ಮೇಲೆ ಗೊತ್ತಾಯಿತು.

ಅವಳ ಸಂಶೋಧನೆಯೇ ಈ ವೈರಸ್ಸಿನದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಲಿವರ್ ಕೋಶಗಳಿಗೆ ಪೆರಾಕ್ಸೈಡ್ ಹಾಕಿ, ಆಮ್ಲಜನಕದ ಉಗ್ರ ಕಣಗಳು ಕೋಶವನ್ನು ಸುಡುವಾಗ ವೈರಸ್ ಹೆಚ್ಚುತ್ತದೋ ಕುಗ್ಗುತ್ತದೋ ನೋಡುವುದು. ಸ್ವಲ್ಪ ಹಾಕಿದಾಗ ಹೆಚ್ಚಿತ್ತು. ಜಾಸ್ತಿ ಹಾಕಿದಾಗ ಒಮ್ಮೆಲೇ ಕುಸಿದಿತ್ತು. ಅವಳು ಹಿಗ್ಗಿದಾಗ ಗೈಡ್ ಕೇಳಿದ್ದು ಒಂದೇ: “ಕೋಶ ಬದುಕಿದ್ಯೇನಮ್ಮ?” ಬದುಕಿರಲಿಲ್ಲ. ಜೀವಂತ ಕೋಶವಿಲ್ಲದೆ ವೈರಸ್ ಬೆಳೆಯುವುದಿಲ್ಲ.

ವಾರ್ಡಿನಲ್ಲಿ ಅಮ್ಮ ಪಕ್ಕದ ಮಂಚದವರಿಗೆ ಕಲ್ಲುಸಕ್ಕರೆ ಹಂಚುತ್ತಿದ್ದರು. “ನಾನ್ ಯೋಳ್ಲಿಲ್ವ? ಪಥ್ಯ ಸುಮ್ನೆ ಓಯ್ತದಾ? ನೀನು ಓದಿ ಓದಿ ಎದ್ರುಕೊಂಡೆ, ಬುಡು. ನೋಡು, ಎಂಗೆ ನಿದ್ದೆ ಮಾಡ್ತಾವ್ರೆ.”

ಸಿಂಚನ ಅಪ್ಪನ ಭುಜ ಅಲುಗಿಸಿದಳು. “ಅಪ್ಪ, ನಾನ್ಯಾರು?”

ಕಣ್ಣು ಅರೆಬರೆ ತೆರೆಯಿತು. “ಬಸ್ ಬಂತಾ?”

ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದಳು. ಲಿವರ್ ಸೋತರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. “ಸರ್, ರಕ್ತ ಹೆಪ್ಪುಗಟ್ತಾ ಇದ್ಯಾ?”

“ನಿನ್ನೆಗಿಂತ ನಿಧಾನ. ಕಾಮಾಲೆ ಏರ್ತಾನೇ ಇದೆ.”

“ಹಾಗಾದ್ರೆ ವೈರಸ್ ಇಳಿದಿರೋದು...”

“ಅದು ಇರೋದಕ್ಕೆ ಲಿವರ್ರೇ ಉಳಿದಿಲ್ಲಮ್ಮ. ಬೇರೆ ಲಿವರ್ ಕಸಿ ಮಾಡಬೇಕಿತ್ತು. ಅವರ ಹೃದಯ ತಡ್ಕೊಳಲ್ಲ.”

ಒಳಗೆ ಬಂದಾಗ ಅಮ್ಮ ಕಲ್ಲುಸಕ್ಕರೆ ಹಿಡಿದು ಕೈ ಚಾಚಿದರು. ಸಿಂಚನ ಆ ಕೈಯನ್ನು ಹಿಡಿದುಕೊಂಡಳು. “ಅಮ್ಮ, ಮಾವಂದಿರನ್ನ ಕರೆಸ್ಬುಡು. ಇವತ್ತೇ.”

ಸಾಕಮ್ಮ ಮಗಳ ಮುಖವನ್ನು, ಗಂಡನ ಮುಖವನ್ನು ನೋಡಿದರು. ಕೇಳಿದರು: “ನಾನು ಮಾತ್ರೆ ಬುಡಿಸ್ದುಕ್ಕಾ?”

ಇಲ್ಲ ಎನ್ನಲು ಸಿಂಚನ ಬಾಯಿ ತೆರೆದಳು. ಹಾಗೆನ್ನದೆ, ಹಿಡಿದಿದ್ದ ಅಮ್ಮನ ಕೈಯನ್ನು ಅಪ್ಪನ ಕೈ ಮೇಲಿಟ್ಟಳು.