ಇಲಿಗೆ ಬಂದ ಮದ್ದು ನಮಗೆ ಬರುವ ತನಕ

ಗದಗಿನ ಕಮಲಾಕ್ಷಿಯವರು ಸೂರತ್ತಿನ ಉಧ್ನಾಕ್ಕೆ ಬಂದು ಮೂರು ವರ್ಷವಾದರೂ ಎರಡು ಪೆಟ್ಟಿಗೆಗಳ ಹಗ್ಗ ಬಿಚ್ಚಿರಲಿಲ್ಲ. ಗಂಡ ಚಂದ್ರಕಾಂತರದು ರೈಲ್ವೆ ನೌಕರಿ. “ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗ್ಲಿ, ಆಮ್ಯಾಲ ನೋಡೂಣು” ಎಂಬುದು ಆ ಮನೆಯ ಮಂತ್ರ. ಹಲ್ಲುನೋವಿಗೂ ಅದೇ, ಕೆಟ್ಟ ಮಿಕ್ಸರಿಗೂ ಅದೇ.

ಯುಗಾದಿಯ ಎಣ್ಣೆಸ್ನಾನದ ದಿನ ಎಡ ಎದೆಯಲ್ಲಿ ಗೋಲಿಯಷ್ಟು ಗಂಟು ಅವರ ಕೈಗೆ ಸಿಕ್ಕಿತು. ನೋವಿರಲಿಲ್ಲ. ಅದನ್ನೂ ಹುಬ್ಬಳ್ಳಿಗೇ ಎತ್ತಿಟ್ಟರು. ಯಾರಿಗೂ ಹೇಳಲಿಲ್ಲ.

ಎದುರುಮನೆಯಲ್ಲಿ ಬಾಡಿಗೆಗಿದ್ದ ಮೇದಿನಿ ತುಮಕೂರಿನ ಹುಡುಗಿ. ಕ್ಯಾನ್ಸರ್ ಮದ್ದಿನ ಸಂಶೋಧನೆ ಮಾಡುತ್ತಿದ್ದಳು. ಭಾನುವಾರದ ಊಟ ಅವಳಿಗೆ ಇವರ ಮನೆಯಲ್ಲೇ. ಆಮೇಲೊಂದು ಭಾನುವಾರ, ಚಂದ್ರಕಾಂತರು ಪಕ್ಕದಲ್ಲಿ ಪೇಪರು ಓದುತ್ತಿದ್ದಾಗ, ರೊಟ್ಟಿ ಬಡಿಸುತ್ತ ಕಮಲಾಕ್ಷಿ ಕೇಳಿದರು:

“ಎಲ್ಲಿಗೆ ಬಂತವಾ ನಿನ್ನ ಔಷಧ?”

“ನಮ್ಮ ಗೈಡ್‌ಗಿಂತ ನಿಮ್ಮ ಕಾಟನೇ ಜಾಸ್ತಿ, ಆಂಟಿ.”

“ಅದು ಹೆಂಗ ಕೆಲಸಾ ಮಾಡ್ತದ, ಇನ್ನೊಮ್ಮೆ ಹೇಳು.”

“ರಕ್ತದಲ್ಲಿ ಬಿಳಿ ಕಣಗಳಿವೆಯಲ್ಲ, ಅವು ಮೈಯ ಕಾವಲುಗಾರರು. ಅವರು ಕ್ಯಾನ್ಸರ್ ಗೆಡ್ಡೆ ತನಕ ಹೋಗ್ತಾರೆ, ಆದ್ರೆ ಅದು ಅವರ ಕಣ್ಣಿಗೇ ಮಣ್ಣೆರಚುತ್ತೆ. ಅದಕ್ಕೆ ನಾವು ಕೂದಲ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣ ಮಾಡ್ತೀವಿ. ನ್ಯಾನೊ ಕಣ ಅಂತಾರೆ. ಮೇಲೆ ಕಾವಲುಗಾರರ ಪೊರೆಯನ್ನೇ ಹೊದಿಸ್ತೀವಿ, ಒಳಗೆ ಮದ್ದು. ಅದು ಅವರ ಹಾಗೇ ಗೆಡ್ಡೆ ಹುಡುಕಿಕೊಂಡು ಹೋಗಲಿ ಅಂತ.”

“ಅಂದ್ರ ಕೊಯ್ಯೂದಿಲ್ಲ.”

“ಅಷ್ಟೆಲ್ಲ ಹೇಳೋಕಾಗಲ್ಲ. ಇನ್ನೂ ಇಲಿಗಳ ಮೇಲೆ ನೋಡ್ತಿದ್ದೀವಿ.”

“ಗಣಪ್ಪನ ವಾಹನಕ್ಕ ಮೊದಲ ಪಾಳಿ. ಇರ್ಲಿ. ನಮ್ಮ ಪಾಳಿ ಶ್ರಾವಣದಾಗ ಬರ್ತದೇನು?”

ಮೇದಿನಿಯ ಕೈ ತಟ್ಟೆಯಲ್ಲೇ ನಿಂತಿತು. “ನಮ್ಮ ಪಾಳಿ ಅಂದ್ರೆ? ಯಾರಿಗೆ, ಆಂಟಿ?”

ಕಮಲಾಕ್ಷಿ ಒಲೆಯ ಕಡೆ ತಿರುಗಿದರು. “ಲಗೂ ಆಗ್ಲಿ ಅಂತ ಬನಶಂಕರಿಗೆ ಬೇಡಿಕೊಂಡೀನಿ, ಅದಕ್ಕ ಕೇಳಿದೆ.” ಆದರೆ ಅವರ ಕೈ ತಾನಾಗಿ ಎಡ ಎದೆಗೆ ಹೋಗಿತ್ತು. ಹಂಚಿನ ಮೇಲೆ ರೊಟ್ಟಿ ಸೀಯಿತು. “ಯುಗಾದಿಯಿಂದ ಇಲ್ಲೊಂದು ಗಂಟು ಅದ” ಎಂದರು ಕೊನೆಗೆ.

ಚಂದ್ರಕಾಂತರು ಪೇಪರು ಕೆಳಗಿಟ್ಟರು. “ನನಗರ ಹೇಳಬಾರದಿತ್ತೇನ ಕಮಲಿ?”

“ಹೇಳಿದ್ರ ಏನ್ ಅಂತಿದ್ರಿ? ಹುಬ್ಬಳ್ಳ್ಯಾಗ ತೋರಿಸೂಣು ಅಂತಿದ್ರಿ.”

ಚಂದ್ರಕಾಂತರು ಎದ್ದು ಒಲೆ ಆರಿಸಿದರು. ಕಮಲಾಕ್ಷಿ ಮಾತು ಮುಂದುವರಿಸಿದರು:

“ಇಲ್ಲಿ ಡಾಕ್ಟರಿಗೆ ಏನಂತ ಹೇಳ್ಲಿ? ನನ್ನ ಹಿಂದಿ ಕಾಯಿಪಲ್ಯಾ ತರಾಕಷ್ಟ ಸಾಕು. ನೋವೂ ಇಲ್ಲ. ಔಷಧ ಮಾಡೋ ಮಗಳು ಎದುರಿಗೇ ಅದಾಳ ಅಂತ ಧೈರ್ಯ ಇತ್ತು.”

ಮೇದಿನಿ ಎದ್ದು ಹತ್ತಿರ ಬಂದಳು. “ನೋವಿಲ್ಲ ಅಂತ ಬಿಡಬಾರದು, ಆಂಟಿ. ಎಷ್ಟೋ ಗಂಟುಗಳು ಕ್ಯಾನ್ಸರ್ ಅಲ್ಲ. ಆದ್ರೆ ಪರೀಕ್ಷೆ ಮಾಡಿಸದೆ ಯಾರೂ ಹೇಳೋಕಾಗಲ್ಲ. ನನ್ನ ಮದ್ದು ಮನುಷ್ಯರ ತನಕ ಬರೋಕೆ ಎಷ್ಟು ವರ್ಷವೋ. ಬರದೇನೂ ಹೋಗಬಹುದು.” ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟಳು. “ಅದನ್ನ ನಂಬಿ ನೀವು ಕಾದು ಕೂತರೆ ನಾನು ಯಾರಿಗೋಸ್ಕರ ಮಾಡಲಿ? ಇವತ್ತಿಗೆ ಬೇಕಾದ ಮದ್ದನ್ನ ನಿಮ್ಮ ಬನಶಂಕರಿ ಆಗಲೇ ಆಸ್ಪತ್ರೆಯಲ್ಲಿ ಇಟ್ಟಿದ್ದಾಳೆ. ನಾಳೆ ಹೋಗೋಣ. ಹಿಂದಿ ನಾನು ಮಾತಾಡ್ತೀನಿ.”

“ನಿನ್ನ ಕೆಲಸಾ?”

“ಇಲಿಗಳು ಒಂದು ದಿನ ಕಾಯ್ತವೆ.”

ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ಕ್ಯಾನ್ಸರ್ ಹೌದು. ಚಿಕ್ಕದು, ಬೇರೆಡೆಗೆ ಹರಡಿರಲಿಲ್ಲ. ಡಾಕ್ಟರ ಮಾತನ್ನು ಮೇದಿನಿ ಕನ್ನಡದಲ್ಲಿ ಹೇಳಿ ಮುಗಿಸುವವರೆಗೂ ಚಂದ್ರಕಾಂತರು ಹೆಂಡತಿಯ ಕೈ ಬಿಡಲಿಲ್ಲ. ಕಮಲಾಕ್ಷಿ ಕೇಳಿದ್ದು ಒಂದೇ ಮಾತು: “ಆಪರೇಶನ್ ಯಾವತ್ತು?”

ಇದನ್ನು ಓದುವ, ಓದಿಸಿ ಕೇಳುವ ತಾಯಂದಿರೇ, ಅಣ್ಣಂದಿರೇ, ಮೈಯಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ ಮನೆಯವರಿಗೆ ಹೇಳಿ, ನೀವಿರುವ ಊರಿನಲ್ಲೇ ಈ ವಾರವೇ ತೋರಿಸಿ. ಭಾಷೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಳ್ಳಿ. ಪ್ರಯೋಗಾಲಯದ ಹೊಸ ಮದ್ದಿನ ಸುದ್ದಿ ಕೇಳಿದರೆ ಸಂತೋಷಪಡಿ, ಅದರ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ, ಆದರೆ ನಡೆಯುತ್ತಿರುವ ಚಿಕಿತ್ಸೆ ಬಿಡಬೇಡಿ. ಆ ಮದ್ದು ಬರುವ ದಿನ ಬಂದರೆ, ಅದನ್ನು ಕಾಣಲು ನೀವೂ ಇರಬೇಕು.